ಸಾಲಿನ ಕಡೇ ಗುಡಿಸಲು

ಯುದ್ಧದ ಆ ವರ್ಷ ಹಳಿಯಾಳದಲ್ಲಿ ಅಕ್ಕಿಗಿಂತ ಚಳಿಜ್ವರವೇ ಸಲೀಸಾಗಿ ಸಿಗುತ್ತಿತ್ತು. ಎಂಟು ವರ್ಷದ ರಜಿಯಾ ಒಂದು ಮಧ್ಯಾಹ್ನ ಗಂಜಿಯ ತಟ್ಟೆಯನ್ನು ಕಾಲಿನಿಂದ ದೂಡಿ, "ಇದನ್ನ ದನಾನೂ ತಿನ್ನೂದಿಲ್ಲ" ಅಂದಳು. ಕಾಳಿನ ವ್ಯಾಪಾರಿ ನಬೀಸಾಬನ ಒಬ್ಬಳೇ ಮಗಳು. ಆ ಮನೆಯಲ್ಲಿ ಅವಳನ್ನು ಗದರಿದವರೇ ಇಲ್ಲ. ತಾಯಿ ದಿಲಶಾದ ಹೊಡೆಯಲಿಲ್ಲ. ಮರುದಿನ ಮಸೀದಿಯ ಅಂಗಳಕ್ಕೆ ಕರೆದೊಯ್ದಳು. ಜ್ವರದವರಿಗೆಂದು ಊರವರು ಕೂಡಿ ಅಲ್ಲಿ ಗಂಜಿ ಕಾಯಿಸುತ್ತಿದ್ದರು. ಎರಡು ಕಿವಿಯ ತಾಮ್ರದ ಪಾತ್ರೆಯ ಒಂದು ಕಿವಿಯನ್ನೂ ಬಡಿಸುವ ಸೌಟನ್ನೂ ಮಗಳ ಕೈಗಿಟ್ಟು ಹೇಳಿದಳು:

"ಹಿಡಿ. ಇಲ್ಲದವರ ಮಾರಿ ನೋಡು. ಆಮ್ಯಾಲ ಅಲ್ಲಾಗ ಶುಕರ್ ಅನ್ನಾಕ ಬರತೈತಿ."

"ಏನ್ ಸಣ್ಣ ಬೀಬೀ, ಸೌಟು ನಿನಗಿಂತ ಉದ್ದ ಐತಲ್ಲ!" ಎಂದು ಒಲೆಯ ಮುಂದಿದ್ದ ಹಮಾಲ ಚನಬಸಪ್ಪ ನಕ್ಕ.

ಊರ ಹೊರಗೆ ಕಟ್ಟಿಗೆ ಕಡಿಯುವವರ ಗುಡಿಸಲುಗಳು ಸಾಲಾಗಿದ್ದವು. ಮೊದಲನೆಯದು ಮುದುಕಿ ಕಾಶೆವ್ವನದು. ಗಂಜಿ ತಟ್ಟೆಗೆ ಬೀಳುವ ಮೊದಲೇ ಅವಳ ಹರಕೆ ಶುರುವಾಗುತ್ತಿತ್ತು: "ನಿನಗ ಹಾಲ ಕುಡಿಸಿದಾಕಿ ಹೊಟ್ಟಿ ತಣ್ಣಗಿರಲಿ, ಮಗಳ!"

ಆ ಮಾತು ಕೇಳಿದಾಗಲೆಲ್ಲ ದಿಲಶಾದ ಸೆರಗನ್ನು ಮುಖಕ್ಕೆಳೆದುಕೊಳ್ಳುತ್ತಿದ್ದಳು.

ಸಾಲಿನ ಕಡೇ ಗುಡಿಸಲಿಗೆ ಅವರು ಹೋಗುತ್ತಿರಲಿಲ್ಲ. "ಅಲ್ಲಿಗೆ ಚನಬಸಪ್ಪ ಒಯ್ತಾನ" ಎಂದು ದಿಲಶಾದ ತಿರುಗಿಬಿಡುತ್ತಿದ್ದಳು. ಐದನೆಯ ದಿನ ಚನಬಸಪ್ಪನೇ ಜ್ವರ ಹಿಡಿದು ಮಲಗಿದ.

"ಅಮ್ಮಾ, ಇನ್ನೊಂದ ಉಳೀತು!" ರಜಿಯಾ ಒಂದು ತಟ್ಟೆ ಗಂಜಿ ತುಂಬಿಕೊಂಡು ಓಡಿಯೇಬಿಟ್ಟಳು.

ಒಳಗೆ ಕಂಬಳಿಯಲ್ಲಿ ನಡುಗುತ್ತಿದ್ದವಳು ರೋಜಿ, ಕಾಡಿನ ಸಿದ್ದಿ ಜನದವಳು. ರಜಿಯಾ ಹುಟ್ಟಿದಾಗ ದಿಲಶಾದಳಿಗೆ ಜ್ವರ ಏರಿ ಎದೆಹಾಲು ಬತ್ತಿತ್ತು. ತನ್ನ ಕೂಸನ್ನು ಮಣ್ಣು ಮಾಡಿ ಹದಿನೈದು ದಿನವೂ ಆಗಿರದ ರೋಜಿ ಕಟ್ಟಿಗೆ ಹೊರೆ ಇಳಿಸಲು ಹಿತ್ತಲಿಗೆ ಬಂದವಳು, ಅಳು ಕೇಳಿ ಒಳಗೆ ಬಂದಳು. ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಂದಿನ ಕೋಣೆಯಲ್ಲಿ ಕೂತು ಹಾಲು ಕುಡಿಸಿದಳು. ಊರ ಮುಂದೆ ದಿಲಶಾದಳ ಅತ್ತೆ ಆಡಿನ ಹಾಲು ಕುಡಿಸುತ್ತೇವೆ ಎಂದಳು. ಸಿದ್ದಿಯವಳ ಹಾಲು ಎನ್ನಲು ದೊಡ್ಡ ಮನೆಗೆ ನಾಚಿಕೆ. ಕೂಸು ರೋಜಿಯನ್ನೇ ಮೊದಲು "ಅವ್ವಾ" ಎಂದು ಕರೆದ ದಿನ ದಿಲಶಾದ ಒಂದು ಹಳೇ ಸೀರೆ ಕೊಟ್ಟು ಅಂದದ್ದು ಇಷ್ಟೇ: "ಇನ್ನ ಈ ಕಡೆ ಬರಬ್ಯಾಡ. ಯಾರ ಮುಂದೂ ಹೇಳಬ್ಯಾಡ."

ಈಗ ರೋಜಿ ಹುಡುಗಿಯನ್ನೇ ನೋಡುತ್ತಿದ್ದಳು. ಬಾಗಿಲಲ್ಲಿ ದಿಲಶಾದ ಕಂಡದ್ದೇ ಕೈಯೂರಿ ಏಳಲು ಹೋದಳು.

"ನಾ ಯಾರ ಮುಂದೂ ಹೇಳಿಲ್ರಿ, ಬೀಬೀ."

ದಿಲಶಾದ ಮಗಳ ರಟ್ಟೆ ಹಿಡಿದು ಹೊರಗೆ ನಡೆದಳು.

"ಏನ ಹೇಳಿಲ್ಲಂತ, ಅಮ್ಮಾ?"

"ಏನಿಲ್ಲ. ಜ್ವರದಾಗ ಬಡಬಡಸ್ತಾರ."

"ಭಾಳ ಸೊಕ್ಕಿನಾಕಿ ಬಿಡು. ಎಲ್ಲಾರೂ ನನ್ನ ಹರಸ್ತಾರ. ಅಕಿ ಗಂಜಿ ಮುಟ್ಟಲಿಲ್ಲ, ಬರೇ ನನ್ನ ಮಾರಿ ನೋಡಿದ್ಲು. ಕೊಟ್ಟವರಿಗೆ ಒಂದ ಒಳ್ಳೇ ಮಾತ ಆಡಬಾರದೇನು?"

ದಿಲಶಾದಳ ಕಾಲು ನಿಂತುಬಿಟ್ಟಿತು. ಐದು ದಿನದಲ್ಲಿ ಮಗಳು ಕಲಿತದ್ದು ಇದನ್ನೇ? ಕೊಟ್ಟವರಿಗೆ ಒಂದು ಒಳ್ಳೆಯ ಮಾತು! ತಾನು ರೋಜಿಗೆ ಆಡಿದ್ದಳೇ? ನಾಳೆ ಹೇಳುತ್ತೇನೆ, ರೋಜಿಯ ಎದುರಿಗೇ ಹೇಳುತ್ತೇನೆ ಎಂದುಕೊಂಡಳು. ಆ ರಾತ್ರಿ ಗಂಡ ಎರಡು ಸಲ ಕೇಳಿದ, ಯಾಕೆ ಉಣ್ಣಲಿಲ್ಲ ಅಂತ.

ಮರುದಿನ ಕಾಶೆವ್ವನ ಬಾಗಿಲು ದಾಟಿ ದಿಲಶಾದ ಮಗಳೊಡನೆ ಪಾತ್ರೆ ಹಿಡಿದು ನೇರ ಕಡೇ ಗುಡಿಸಲಿಗೆ ನಡೆದಳು. ರೋಜಿಯ ಗಂಡ ಇನಾಸ ಹೊರಗೆ ಕೂತಿದ್ದ. ಅವನ ಕೈಗೆ ಹಸಿ ಮಣ್ಣು ಮೆತ್ತಿತ್ತು.

"ನಸುಕಿನ್ಯಾಗ ಹೋದ್ಲರಿ. ಮಣ್ಣ ಮಾಡಿ ಬಂದ್ವಿ."

ಒಳಗೆ ಗಂಜಿಯ ತಟ್ಟೆ ಖಾಲಿಯಾಗಿತ್ತು. ದಿಲಶಾದ ಅಲ್ಲೇ ಕೂತು ಮಗಳನ್ನು ಎದುರಿಗೆ ಎಳೆದುಕೊಂಡಳು.

"ರಜಿಯಾ, ನಿನಗ ಹಾಲ ಕುಡಿಸಿದಾಕಿ ನಾ ಅಲ್ಲ. ಅಕಿ."

ರಜಿಯಾ ಖಾಲಿ ತಟ್ಟೆಯನ್ನು ಕೈಗೆತ್ತಿಕೊಂಡಳು.

"ಮತ್ತ ನೀ ಅಕೀಗೆ ಏನಂದಿ?"

"ಬರಬ್ಯಾಡ ಅಂದೆ."

ಇನಾಸ ಮುಖ ಆ ಕಡೆ ತಿರುಗಿಸಿದ.

ಬಂದ ದಾರಿಯಲ್ಲೇ ಹಿಂದಿರುಗಿದರು. ಕಾಶೆವ್ವ ತಟ್ಟೆ ಹಿಡಿದು ಕಾದಿದ್ದಳು, ಅಕ್ಕಪಕ್ಕದವರೂ ಇದ್ದರು. ರಜಿಯಾ ಹನಿಯೂ ಚೆಲ್ಲದಂತೆ ಬಡಿಸಿದಳು.

"ನಿನಗ ಹಾಲ ಕುಡಿಸಿದಾಕಿ ಹೊಟ್ಟಿ ತಣ್ಣಗಿರಲಿ, ಮಗಳ!"

"ಅಕಿ ಇವತ್ತ ಹೋದ್ಲು, ಅಜ್ಜಿ. ಕಡೇ ಗುಡಸಲದಾಕಿ."

ಎಲ್ಲರ ಕಣ್ಣೂ ದಿಲಶಾದಳತ್ತ ಹೊರಳಿದವು. ಅವಳು ಸೆರಗು ಎಳೆದುಕೊಳ್ಳಲಿಲ್ಲ. "ಹೌದ್ರಿ" ಅಂದಳು, "ರೋಜಿ."

ಆಮೇಲೆ ಬಗ್ಗಿ ಪಾತ್ರೆಯ ತನ್ನ ಕಡೆಯ ಕಿವಿ ಹಿಡಿದು ಕಾದಳು. ರಜಿಯಾ ಬರಲಿಲ್ಲ. ಸೌಟನ್ನು ಎದೆಗೊತ್ತಿಕೊಂಡು ಮುಂದಿನ ಗುಡಿಸಲಿನತ್ತ ಒಬ್ಬಳೇ ನಡೆದಿದ್ದಳು.