ಗಾಳಿಕಿಂಡಿಗೆ ಹೊಲಿದ ಗವಸು

“ಈ ಮನೇಲಿ ಏನೋ ಸೇರ್ಕೊಂಡಿದೆ ಕಣೇ! ಯಾರೂ ಮುಟ್ಟದೇ ಬಾಗಿಲು ಬಡ್ಕೊಳ್ಳುತ್ತೆ” ಎಂದರು ಅತ್ತೆ.

ಹೊಲಿಗೆ ಕೆಲಸದ ಸೊಸೆ ಬಾಗಿಲ ಮಾತಿಗೆ ನಕ್ಕಳು. ಆದರೆ ಮಗಳ ಮುಖ ಕಂಡು ನಗು ಉಡುಗಿತು. ಹಜಾರದಲ್ಲಿ ಓದುವ ಹುಡುಗಿಗೆ ಮೂರು ದಿನದಿಂದ ತಲೆನೋವು, ವಾಕರಿಕೆ. ಶಾಲೆಯಲ್ಲಿ ವಾಸಿ, ಮನೆಗೆ ಬಂದರೆ ಶುರು. ಇವತ್ತು ಪುಸ್ತಕದ ಮೇಲೇ ಒರಗಿದ್ದಾಳೆ, ಎಬ್ಬಿಸಿದರೆ ತೊದಲುತ್ತಾಳೆ.

ಏಸಿ ನೋಡಲು ಬಂದ ಭಾವ, ಅಂದರೆ ಸೊಸೆಯ ಅಕ್ಕನ ಗಂಡ, ಏಸಿ ರಿಪೇರಿಯವರು. ಹುಡುಗಿಯನ್ನು ಕಂಡದ್ದೇ ಚೀಲವನ್ನು ಬಾಗಿಲಲ್ಲೇ ಬಿಸಾಕಿದರು. “ಎಲ್ಲರೂ ಆಚೆ ನಡೀರಿ! ಮಗೂನ ಎತ್ಕೋ!”

ಆಸ್ಪತ್ರೆಯಲ್ಲಿ ಮಗುವಿಗೆ ಆಮ್ಲಜನಕ ಕೊಟ್ಟರು. “ವಿಷಗಾಳಿ, ಕಾರ್ಬನ್ ಮಾನಾಕ್ಸೈಡ್. ಇನ್ನೊಂದು ಗಂಟೆ ತಡವಾಗಿದ್ರೆ…” ಎಂದರು ಡಾಕ್ಟರು.

ಮರುದಿನ ಭಾವ, ಹಜಾರದ ಪಕ್ಕದ ಬಚ್ಚಲಲ್ಲಿದ್ದ ಗ್ಯಾಸ್ ಗೀಸರ್ ಆರಿಸಿಟ್ಟೇ ಮನೆ ನೋಡಿದರು. ಇಡೀ ಮನೆಗೆ ಒಂದೇ ಏಸಿ, ಚಾವಣಿಯಲ್ಲಿ ಕೋಣೆಗೊಂದು ಗಾಳಿಕಿಂಡಿ. ಒಂದನ್ನು ಬಿಟ್ಟು ಉಳಿದೆಲ್ಲಕ್ಕೂ ಎಲಾಸ್ಟಿಕ್ ಹಾಕಿದ ಬಟ್ಟೆಯ ಗವಸು!

“ಇದೇನಮ್ಮ, ಕಿಂಡಿಗೂ ಸ್ವೆಟರಾ?”

“ತಂಪೆಲ್ಲಾ ನನ್ನ ಹೊಲಿಗೆ ಕೋಣೆಗೇ ಬರ್ಲಿ ಅಂತ, ಭಾವ.”

“ಆ ಕೋಣೆ ಬಾಗಿಲು ಮುಚ್ಚಿ, ಸಂದಿಗೂ ಚಿಂದಿ ತುರುಕಿದ್ದೀಯ.”

“ತಂಪು ಸೋರಬಾರದಲ್ಲ!”

“ಇದು ಉಸಿರಾಟ ಇದ್ದ ಹಾಗೆ ಕಣಮ್ಮ. ಏಸಿ ಬಿಟ್ಟ ಗಾಳಿ ಹಜಾರದ ದೊಡ್ಡ ಜಾಲರಿಗೆ ವಾಪಸ್ ಬರಬೇಕು. ನೀನು ದಾರಿ ಕಟ್ಟಿದೆ. ಅದು ಸಿಕ್ಕಿದ ಕಡೆಯಿಂದ ಎಳ್ಕೊಳ್ತು, ಗೀಸರಿನ ಹೊಗೇನೂ. ನೋಡು.”

ಅವಳ ಡಬ್ಬಿಯಿಂದಲೇ ದಾರ ತೆಗೆದು ಗೀಸರಿನ ಹೊಗೆ ಕೊಳವೆಯ ಬಾಯಿಗೆ ಕಟ್ಟಿ, ಏಸಿ ಹಾಕಿದರು. ದಾರ ಮೇಲಕ್ಕೇಳಲಿಲ್ಲ. ಮನೆಯೊಳಕ್ಕೆ ಬಾಗಿತು, ಮಗಳು ಕೂರುವ ಕುರ್ಚಿಯ ಕಡೆಗೆ. ಹಿಂದೆಯೇ ಬಾಗಿಲು ದಡಾರನೆ ಬಡಿಯಿತು.

“ಅತ್ತೆಯೋರ ದೆವ್ವ ಇದೇ” ಎಂದರು ಭಾವ.

ಅವಳು ತನ್ನ ಕೈ ನೋಡಿಕೊಂಡಳು. ಈ ಕೈಯೇ ತಾನೆ ಹೊಲಿದದ್ದು! ಗವಸುಗಳನ್ನು ಕಿತ್ತಳು, ಚಿಂದಿ ಎಳೆದಳು, ಬಾಗಿಲು ತೆರೆದಳು. ದಾರ ಜೋತುಬಿದ್ದು, ನಿಧಾನಕ್ಕೆ ಕೊಳವೆಯೊಳಗೆ ಮೇಲೆದ್ದಿತು.

“ವಾಸನೆಯಾದ್ರೂ ಬರಬಾರದಿತ್ತಾ, ಭಾವ?”

“ಬರಲ್ಲ. ಅದಕ್ಕೇ ಹೆದರಬೇಕು. ಗೀಸರಿನೋನು ಬಂದು ನೋಡೋವರೆಗೂ ಅದನ್ನ ಹಚ್ಚಬೇಡ. ವಿಷಗಾಳಿ ಬಂದ್ರೆ ಕೂಗೋ ಅಲಾರಂ ತಂದು ಹಾಕು.”

ಓದುತ್ತಿರುವ ಅಕ್ಕಾ, ಅಣ್ಣಾ, ಒಮ್ಮೆ ತಲೆಯೆತ್ತಿ ನಿಮ್ಮ ಮನೆಯ ಗಾಳಿಕಿಂಡಿ ನೋಡಿ. ಮುಚ್ಚಿದ್ದರೆ ತೆರೆಯಿರಿ. ವಾಪಸು ಜಾಲರಿಗೆ ಬೀರು, ಸೋಫಾ ಒತ್ತಿಡಬೇಡಿ. ಮನೆಯಲ್ಲಿ ಮಾತ್ರ ತಲೆನೋವು ಬರುತ್ತಿದ್ದರೆ ಮೊದಲು ಆಚೆ ಬನ್ನಿ, ಆಮೇಲೆ ಕಾರಣ ಹುಡುಕಿ.

ಸಂಜೆ ಆಸ್ಪತ್ರೆಯಿಂದ ಮನೆಗೆ ಬಂದ ಹುಡುಗಿ ಬಿದ್ದಿದ್ದ ಗವಸೊಂದನ್ನು ಟೊಪ್ಪಿಗೆಯಂತೆ ತಲೆಗೇರಿಸಿಕೊಂಡಳು. ಅಮ್ಮ ನಗುವ ಮೊದಲು ಒಮ್ಮೆ ದಾರದ ಕಡೆ ನೋಡಿದಳು.