ಮೂರನೆಯ ಪ್ರಕಟಣೆ

ಗಡಿಯಾರ ಮತ್ತೆ ಜಾರಿತು, ಪಕ್ಕದ ಹುಡುಗಿ ಹಾಡಿನ ಪುಸ್ತಕ ಎತ್ತಿ ಹಿಡಿದರೆ ಅದು ಮೊಣಕೈ ಕಡೆಗೆ ಸರ್ರನೆ ಹೋಗುತ್ತದೆ, ಪುಸ್ತಕ ತಗ್ಗಿಸಿದರೆ ವಾಪಸು ಬಂದು ಮಣಿಕಟ್ಟಿನ ಮೂಳೆಗೆ ತಗುಲಿ ನಿಲ್ಲುತ್ತದೆ, ಹಾಡು ಬಿಡದೆ ಇನ್ನೊಂದು ಕೈಯಿಂದ ಮೇಲಕ್ಕೆ ತಳ್ಳಿಕೊಳ್ಳುತ್ತಾಳೆ, ಮತ್ತೆ ಜಾರುತ್ತದೆ—ಎಂಥ ಸಣ್ಣ ಮಣಿಕಟ್ಟು ಇದು, ನೋಡಬಾರದು ಅಂದುಕೊಂಡೇ ಸುಗುಣಮ್ಮ ನೋಡಿದಳು, ಎಳೇ ನುಗ್ಗೇಕಾಯಿ ಹಾಗಿದೆ, ನಿಶ್ಚಿತಾರ್ಥಕ್ಕೆ ಅಂತ ಗಡಿಯಾರ ತರುವವನು ಹುಡುಗಿಯ ಕೈ ನೋಡಿ ತರಬಾರದೆ, ಗಂಡಸರ ಅಳತೆಯದ್ದು ತಂದಿದ್ದಾನೆ ಮಹಾರಾಯ, ಪಟ್ಟಿಗೆ ಕಾದ ಮೊಳೆಯಲ್ಲಿ ಇನ್ನೊಂದು ತೂತು ಮಾಡಿದರೂ ಜಾರುವುದು ತಪ್ಪಲಿಲ್ಲ, ತೂತು ಮಾಡಿದವಳು ಇದೇ ಸುಗುಣಮ್ಮ, ಗ್ಯಾಸ್ ಒಲೆ ಮುಂದೆ ನಿಂತು, ಮಗನ ಮದುವೆ ಮಗನ ಮದುವೆ ಅಂತ ಗುನುಗುತ್ತಾ, ನಾಚಿಕೆಯಾಗಬೇಕು. ಅಮ್ಮಾ, ಎಲ್ಲಿದೀವಿ, ಇದೇ ಪುಟನಾ, ಅಂತ ಆ ಹುಡುಗಿ, ರಮ್ಯಶ್ರೀ, ಪಿಸುಗುಟ್ಟಿದಳು, ಇದೇ ಕಣಮ್ಮ, ಮೂರನೇ ಚರಣ, ಅಂದು ಸುಗುಣಮ್ಮ ಬೆರಳಿಟ್ಟು ತೋರಿಸಿದಳು, ಬೆರಳಿನ ಹಿಂದೆ ಕ್ರೇಪ್ ಬ್ಯಾಂಡೇಜು ಸುತ್ತಿದ ತನ್ನ ಕೈಯೂ ಪುಸ್ತಕದ ಮೇಲೆ ಬಂತು, ಎರಡು ಮಣಿಕಟ್ಟು ಪಕ್ಕ ಪಕ್ಕ, ಒಂದಕ್ಕೆ ಗಡಿಯಾರ, ಒಂದಕ್ಕೆ ಬ್ಯಾಂಡೇಜು, ಎರಡೂ ಒಬ್ಬನೇ ಕಟ್ಟಿದ್ದು—ಸಟಕ್ಕನೆ ಕೈ ಎಳೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು. ಬಚ್ಚಲಲ್ಲಿ ಜಾರಿದೆ ಅಂತ ಬೆಳಿಗ್ಗೆಯಿಂದ ಸಿಕ್ಕವರಿಗೆಲ್ಲ ಹೇಳಿದ್ದಾಯಿತು, ಚರ್ಚಿನ, ದೇವರ ಮನೆಯ, ಬಾಗಿಲಲ್ಲೇ ನಿಂತು ಹೇಳಿದ್ದಾಯಿತು, ಎಲ್ಲರೂ ಅಯ್ಯೋ ಪಾಪ ಅಂದರು. ಇವತ್ತು ಮೂರನೆಯ ಭಾನುವಾರ. ಎರಡು ಭಾನುವಾರ ಮದುವೆಯ ಪ್ರಕಟಣೆ ಓದಿ, ಯಾರದಾದರೂ ಅಡ್ಡಿ ಉಂಟೇ ಅಂತ ಕೇಳಿ ಆಗಿದೆ, ಇವತ್ತು ಕಡೆಯದು, ಇವತ್ತೂ ಯಾರೂ ಏನೂ ಅನ್ನದಿದ್ದರೆ ಬರುವ ಗುರುವಾರ ಈ ಹುಡುಗಿ ಸುಗುಣಮ್ಮನ ಮನೆ ಹೊಸಿಲು ದಾಟುತ್ತಾಳೆ, ಆಮೇಲೆ ಬಾಗಿಲು ಮುಚ್ಚುತ್ತದೆ. ಅನ್ನಬೇಕಾದರೆ ಯಾರು ಅನ್ನಬೇಕು, ಊರಿಗೆಲ್ಲ ಏನು ಗೊತ್ತು, ಗೊತ್ತಿರುವುದು ಒಬ್ಬಳಿಗೆ.

ಫ್ಯಾನು ಗರಗರ ಅನ್ನುತ್ತಿದೆ, ತುಮಕೂರು ರಸ್ತೆಯ ಲಾರಿಗಳ ಸದ್ದಿಗೆ ಶೀಟಿನ ಚಾವಣಿ ಆಗಾಗ ನಡುಗುತ್ತದೆ, ಹಾಡು ಮುಗಿದು ಎಲ್ಲರೂ ಕೂತರು, ಪ್ಲಾಸ್ಟಿಕ್ ಕುರ್ಚಿಗಳು ಕಿರ್ರೆಂದವು. ನೆಲಮಂಗಲದ ಸುತ್ತಮುತ್ತ ಇಂಥ ಪ್ರೀತಿಯ ಸಭೆ ಇನ್ನೊಂದಿಲ್ಲ ಅಂತಾರೆ, ನಿಜವೇ ಇರಬೇಕು, ಯಾರು ಬಂದರೂ ಗೇಟಿನಲ್ಲೇ ಎರಡೂ ಕೈ ಹಿಡಿದು ಬನ್ನಿ ಬನ್ನಿ ಅಂತಾರೆ, ಯಾವ ಜಾತಿ, ಯಾವ ಊರು, ಯಾಕೆ ಬಂದ್ರಿ ಅಂತ ಕೇಳುವುದಿಲ್ಲ, ಆರಾಧನೆ ಮುಗಿದ ಮೇಲೆ ಟೀ ಬಿಸ್ಕತ್ತು ಕೊಡದೆ ಕಳಿಸುವುದಿಲ್ಲ—ಗೇಟಿನಲ್ಲಿ ಕೈ ಹಿಡಿಯುವವನು ಯಾರು, ಜಯಶೀಲ, ಸುಗುಣಮ್ಮನ ಒಬ್ಬನೇ ಮಗ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಮುದುಕಿಯರನ್ನು ಆಟೋದಿಂದ ಇಳಿಸಿ ಮೆಟ್ಟಿಲು ಹತ್ತಿಸುತ್ತಾನೆ, ಮಕ್ಕಳನ್ನು ಎತ್ತಿಕೊಳ್ಳುತ್ತಾನೆ. ನಿಮ್ಮ ಮಗನ ಕೈ ಎಷ್ಟು ಮೆತ್ತಗಿದೆ ಸುಗುಣಮ್ಮ, ಆ ಕೈ ಹಿಡಿದ್ರೇನೇ ಅರ್ಧ ದುಃಖ ಹೋಗ್ತದೆ, ಅಂತ ಹೋದ ಕ್ರಿಸ್ಮಸ್ಸಿನಲ್ಲಿ ಯಾರೋ ಅಂದರು, ಹೌದಮ್ಮ ಅಂದಳು, ಬೇರೇನು ಅನ್ನಲಿ. ರಮ್ಯಶ್ರೀ ಮೊದಲ ಸಲ ಬಂದಾಗಲೂ ಅವನೇ ಗೇಟಿನಲ್ಲಿದ್ದದ್ದು, ಸೋಂಪುರದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ, ಪೀಜಿಯಲ್ಲಿ ವಾಸ, ಜೊತೆಯ ಹುಡುಗಿ ಕರೆದಳು ಅಂತ ಬಂದವಳು, ಕುಂದಾಣದ ಕಡೆಯವಳು, ತಂದೆ ತಾಯಿ ಇಲ್ಲ, ಸಾಕಿದ ಅಜ್ಜಿಯೂ ಹೋಗಿಬಿಟ್ಟಿದ್ದಳು, ಚಿಕ್ಕಪ್ಪನಿಗೆ ಅವನ ಹೆಣ್ಣುಮಕ್ಕಳ ಚಿಂತೆಯೇ ಹೊರಲಾರದಷ್ಟು. ಬಾಗಿಲಲ್ಲಿ ಚಪ್ಪಲಿ ಬಿಡಲೋ ಬೇಡವೋ ಅಂತ ನಿಂತಿದ್ದಳು, ಜಯಶೀಲ ನಕ್ಕು ಕೈ ಚಾಚಿದ, ಬನ್ನಿ ಸಿಸ್ಟರ್, ಇದು ನಿಮ್ಮದೇ ಮನೆ, ಅಂದ. ಆ ಮಾತಿಗೇ ಅವಳು ಸೋತದ್ದು, ಆಮೇಲೆ ಒಂದು ದಿನ ತಾನೇ ಹೇಳಿಕೊಂಡಳು, ಅಮ್ಮಾ, ನಂಗೆ ಯಾರೂ ಹಂಗೆ ಹೇಳಿರ್ಲಿಲ್ಲ ಅಂತ.

ಪಾದ್ರಿ ಅಯ್ಯನವರು ವೇದಪಾಠ ಓದುತ್ತಿದ್ದಾರೆ, ಒಂದು ಅಕ್ಷರವೂ ಕಿವಿಗೆ ಇಳಿಯುತ್ತಿಲ್ಲ, ಬ್ಯಾಂಡೇಜಿನ ಒಳಗೆ ಮುಲಾಮು ಉರಿಯುತ್ತಿದೆ, ಮುಲಾಮು ಹಚ್ಚಿದ್ದೂ ಅವನೇ, ಕಾಲ ಹತ್ತಿರ ಕೂತು, ಗಳಗಳ ಅಳುತ್ತಾ, ತಪ್ಪಾಯ್ತಮ್ಮ, ಇನ್ನೊಂದ್ಸಲ ಮಾಡಲ್ಲ, ನಿನ್ನ ಬಿಟ್ರೆ ನಂಗ್ಯಾರಮ್ಮ—ಅವನಪ್ಪನೂ ಹೀಗೇ ಅಳುತ್ತಿದ್ದ. ಸಂಜೀವಪ್ಪ ತೀರಿಕೊಂಡ ದಿನ ಎಲ್ಲರೂ ಅತ್ತರು, ಸುಗುಣಮ್ಮ ತನ್ನ ಕೈಯನ್ನು ನೋಡಿಕೊಂಡಳು, ಸೊಟ್ಟಗೆ ಕೂಡಿದ ಮಣಿಕಟ್ಟಿನ ಮೂಳೆ, ಇನ್ನು ಇದನ್ನು ಯಾರೂ ತಿರುಚುವುದಿಲ್ಲ ಅಂದುಕೊಂಡಳು, ಆ ಕೈ ಮಣ್ಣಿಗೆ ಹೋಯಿತು ಅಂದುಕೊಂಡಳು, ಎಂಥ ದಡ್ಡಿ. ಮೊದಲ ಸಲ ಜಯಶೀಲ ಕೈ ಮಾಡಿದ್ದು ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂತ, ಹೊಡೆತಕ್ಕಿಂತ ಹೆಚ್ಚು ನೊಂದದ್ದು ಅವನು ಹಿಡಿದ ರೀತಿಗೆ, ಮೊದಲು ಮಣಿಕಟ್ಟು ಹಿಡಿಯುವುದು, ತಿರುಚಿ ಬೆನ್ನ ಹಿಂದಕ್ಕೆ ಒಯ್ಯುವುದು, ಆಮೇಲೆ ಇನ್ನೊಂದು ಕೈಯಿಂದ—ಅದೇ, ಅಚ್ಚು ಅದೇ, ಯಾರು ಕಲಿಸಿದರು ಇವನಿಗೆ, ನಡು ಮನೆಯ ಬಾಗಿಲ ಸಂದಿಯಲ್ಲಿ ಹಲ್ಲು ಕಚ್ಚಿ ನಿಂತು ನೋಡುತ್ತಿದ್ದ ಕೂಸಲ್ಲವೇ, ಅಮ್ಮನ್ ಬಿಡಪ್ಪಾ ಅಂತ ಅಪ್ಪನ ಕಾಲು ಕಚ್ಚಿದ ಕೂಸಲ್ಲವೇ. ಮೊನ್ನೆ ಗುರುವಾರ ಊಟಕ್ಕೆ ಕೂತಾಗ ಕೇಳಿದ್ದು ಒಂದೇ ಮಾತು, ಜಯೂ, ಆ ಹುಡುಗಿಗೆ ಒಂದ್ಮಾತು ಮುಂಚೇನೇ ಹೇಳ್ಬಿಡೋಣ ಕಣಪ್ಪ, ನಿಂಗೆ ಸಿಟ್ಟು ಬಂದ್ರೆ ತಡ್ಕೊಳ್ಳಕ್ಕಾಗಲ್ಲ ಅಂತ. ಅವನು ತಟ್ಟೆ ಪಕ್ಕಕ್ಕೆ ಸರಿಸಿದ, ಎಷ್ಟು ನಿಧಾನವಾಗಿ ಸರಿಸಿದ, ಏನ್ ಹೇಳ್ತೀಯಾ, ಏನಂತ ಹೇಳ್ತೀಯಾ, ಅಂತ ಕೈ ಹಿಡಿದ. ಎಲ್ಲ ಹೇಳಿಬಿಡುವುದಾದರೆ ಇನ್ನೊಂದನ್ನೂ ಹೇಳಿಕೊಳ್ಳಬೇಕು ಕರ್ತನೇ, ನಿನಗೆ ಗೊತ್ತಿಲ್ಲದ್ದೇನು, ಸೊಸೆ ಬರುತ್ತಾಳೆ ಅಂದಾಗ ಈ ಪಾಪಿ ಹೊಟ್ಟೆ ತಣ್ಣಗಾಯಿತು, ಇನ್ನು ಮೇಲೆ ಅವನ ಸಿಟ್ಟಿಗೆ ಇನ್ನೊಬ್ಬಳು ಇರುತ್ತಾಳೆ, ನನ್ನ ಪಾಲು ಕಮ್ಮಿಯಾಗುತ್ತದೆ ಅಂತ ಅನ್ನಿಸಿತು, ಒಂದು ಗಳಿಗೆಯಲ್ಲ, ಇಡೀ ದಿನ ಹಾಗನ್ನಿಸಿ ಹಾಯಾಗಿ ನಿದ್ದೆ ಬಂತು. ಅವತ್ತೇ ಗಡಿಯಾರಕ್ಕೆ ತೂತು ಮಾಡಿದ್ದು.

ಅಮ್ಮಾ ನೀರು ಕುಡೀತೀರಾ, ಮುಖ ಒಂಥರಾ ಆಗಿದೆ, ಅಂತ ಹುಡುಗಿ ಬಾಟಲಿ ಮುಚ್ಚಳ ತಿರುಗಿಸಿ ಕೊಟ್ಟಳು, ಬೇಡ ಕಣೆ, ಆಮೇಲೆ. ಹೇಳಲಿಲ್ಲ ಅಂತಲ್ಲ, ಹೇಳಿದಳು, ಮೊದಲ ಪ್ರಕಟಣೆ ಆದ ವಾರವೇ ಅಯ್ಯನವರ ಹೆಂಡತಿಯ ಅಡುಗೆಮನೆಗೆ ಹೋಗಿ ಅವರೆಕಾಯಿ ಸುಲಿದು ಕೊಡುತ್ತಾ ಬಾಯಿ ಬಿಟ್ಟಳು, ಅಮ್ಮನವ್ರೇ, ನಮ್ಮ ಹುಡುಗ ಸ್ವಲ್ಪ ಮುಂಗೋಪಿ, ಮಾತಿಗಿಂತ ಕೈ ಮುಂದೆ, ಅಂತ. ಗಂಡುಮಕ್ಕಳು ಅಂದ್ಮೇಲೆ ಅಷ್ಟೂ ಇರಲ್ವಾ ಸುಗುಣಮ್ಮ, ಮದುವೆ ಆದ್ಮೇಲೆ ಎಲ್ಲಾ ಸರಿಹೋಗ್ತದೆ, ಆ ಹುಡುಗಿ ಚಿನ್ನದಂಥವ್ಳು, ಅವ್ಳೇ ತಿದ್ಕೋತಾಳೆ ಬಿಡಿ, ಪ್ರಾರ್ಥನೆಗೆ ಇಟ್ಟಿರ್ತೀನಿ, ಅಂದರು, ಕುಕ್ಕರು ಕೂಗಿತು, ಅವರು ಎದ್ದು ಹೋದರು. ಎರಡನೆಯ ವಾರ ಹುಡುಗಿಗೇ ಹೇಳಹೋದಳು, ದಾಬಸ್‌ಪೇಟೆ ಬಸ್ಸು ಹತ್ತಿಸಲು ಸ್ಟಾಪಿನಲ್ಲಿ ನಿಂತಾಗ, ರಮ್ಯಾ, ಅವ್ನಿಗೆ ಕೋಪ ಜಾಸ್ತಿ ಕಣಮ್ಮ, ಇನ್ನೊಂದ್ಸಲ ಯೋಚ್ನೆ ಮಾಡು. ಅವಳು ನಕ್ಕುಬಿಟ್ಟಳು, ಮಗುವಿನ ಹಾಗೆ ತೋಳು ಹಿಡಿದು ಜಗ್ಗಿದಳು, ನನ್ಮೇಲೆ ಕೋಪ ಮಾಡ್ಕೊಳ್ಳೋಕಾದ್ರೂ ಒಬ್ರು ಬೇಕಲ್ವಾಮ್ಮ, ಅಜ್ಜಿ ಹೋದ್ಮೇಲೆ ನನ್ನನ್ನ ಯಾರೂ ಬೈದೇ ಇಲ್ಲ. ಬಸ್ಸು ಬಂತು, ಕಿಟಕಿಯಿಂದ ಕೈ ಬೀಸಿದಳು, ಗಡಿಯಾರ ಜಾರಿತು. ಇನ್ನು ಹೇಳುವುದಕ್ಕೆ ಉಳಿದದ್ದು ಒಂದೇ ಜಾಗ, ಇದೇ, ಇವತ್ತು, ಅಯ್ಯನವರು ಅಡ್ಡಿ ಉಂಟೇ ಅಂತ ಕೇಳುವ ಹೊತ್ತು, ಎಲ್ಲರ ಎದುರಿಗೆ, ಅಲ್ಲಿ ಬಾಯಿ ಬಿಟ್ಟರೆ ಅಮ್ಮನವರ ಕುಕ್ಕರು ಕೂಗುವುದಿಲ್ಲ, ಬಸ್ಸು ಬರುವುದಿಲ್ಲ. ಅಲ್ಲಿ ಬಾಯಿ ಬಿಟ್ಟರೆ ಮಗ ಹೋಗುತ್ತಾನೆ, ಮಾನ ಹೋಗುತ್ತದೆ, ಸಂಜೆ ಮನೆಗೆ ಹೋದ ಮೇಲೆ ಏನಾಗುತ್ತದೋ ಅದೂ ಗೊತ್ತು, ಆಗಲಿ, ಈ ಕೈ ಹೇಗೂ ಸೊಟ್ಟಗಾಗಿದೆ.

ಪ್ರಕಟಣೆಗಳ ಹೊತ್ತು ಬಂದೇಬಿಟ್ಟಿತು, ಅಯ್ಯನವರು ಕನ್ನಡಕ ಸರಿಮಾಡಿಕೊಂಡರು, ಮೊದಲ ಸಲ ಬಂದವರು ದಯಮಾಡಿ ಎದ್ದು ನಿಲ್ಲಿ ಅಂದರು, ಹಿಂದೆ ಒಂದು ಜೋಡಿ ಗಂಡ ಹೆಂಡತಿ ನಾಚುತ್ತಾ ಎದ್ದರು, ಚಪ್ಪಾಳೆ, ಜಯಶೀಲ ಓಡಿಹೋಗಿ ಇಬ್ಬರಿಗೂ ಗುಲಾಬಿ ಕೊಟ್ಟ. ಸಂತೋಷದ ಸಮಾಚಾರ ಇದ್ದವರು ಎದ್ದು ನಿಲ್ಲಿ ಅಂದರು, ಇದು ಅಯ್ಯನವರೇ ತಂದ ಪದ್ಧತಿ, ಮೈಕು ಅಂದರೆ ನಡುಗುವವರಿಗೋಸ್ಕರ, ಬಾಯಿ ಬರದಿದ್ದರೆ ಎದ್ದು ನಿಂತರೆ ಸಾಕು, ನಿಮ್ಮ ಸಂತೋಷ ದೇವರಿಗೆ ಗೊತ್ತು ಅಂತಾರೆ, ಮೊಮ್ಮಗು ಹುಟ್ಟಿದವರು, ಕೆಲಸ ಸಿಕ್ಕಿದವರು, ಬೋರಿನಲ್ಲಿ ನೀರು ಬಿದ್ದವರು ಸುಮ್ಮನೆ ಎದ್ದು ನಿಲ್ಲುತ್ತಾರೆ, ಅಯ್ಯನವರು ದೇವರಿಗೆ ಸ್ತೋತ್ರ ಅಂತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಅವರ ದನಿ ಗಂಭೀರವಾಯಿತು, ದಿವಂಗತ ಸಂಜೀವಪ್ಪ ಮತ್ತು ಸುಗುಣಮ್ಮನವರ ಮಗ ಜಯಶೀಲ, ಕುಂದಾಣದ ದಿವಂಗತ ಆದಿನಾರಾಯಣಪ್ಪನವರ ಮಗಳು ರಮ್ಯಶ್ರೀ, ಇವರ ವಿವಾಹದ ಮೂರನೆಯ ಮತ್ತು ಕಡೆಯ ಪ್ರಕಟಣೆ, ಇವರಿಬ್ಬರು ಒಂದಾಗುವುದಕ್ಕೆ ತಕ್ಕ ಅಡ್ಡಿ ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ ಈಗಲೇ ತಿಳಿಸಬೇಕು—ಅಂದು ನಿಲ್ಲಿಸಿದರು. ನಿಲ್ಲಿಸಬೇಕು, ಅದು ಕ್ರಮ. ಯಾರೋ ಕೆಮ್ಮಿದರು, ಲಾರಿ ಹೋಯಿತು, ಶೀಟು ನಡುಗಿತು, ಎಲ್ಲರ ಮುಖದಲ್ಲೂ ನಗು, ಪಕ್ಕದಲ್ಲಿ ಹುಡುಗಿ ತಲೆ ತಗ್ಗಿಸಿ ಮುಸುಕು ಸರಿಮಾಡಿಕೊಳ್ಳುತ್ತಿದ್ದಾಳೆ, ಈಗ, ಈಗಲ್ಲದಿದ್ದರೆ ಇಲ್ಲ, ಕಾಲಿಗೆ ಬಲ ಕೊಡು ತಂದೇ—ಎದ್ದಳು. ಸುಗುಣಮ್ಮ ಎದ್ದು ನಿಂತಳು, ಮುಂದಿನ ಕುರ್ಚಿಯ ಬೆನ್ನು ಹಿಡಿದು, ಬ್ಯಾಂಡೇಜಿನ ಕೈ ಎದೆಗೆ ಒತ್ತಿಕೊಂಡು, ಅಯ್ಯನವರೇ ಅನ್ನಲು ಬಾಯಿ ತೆರೆದಳು, ಕಣ್ಣೀರು ಮೊದಲು ಬಂತು, ಮಾತು ಹಿಂದೆ ಉಳಿಯಿತು, ಅಷ್ಟು ಹೊತ್ತು ಸಾಕಾಯಿತು. ನೋಡಿ ನೋಡಿ, ತಾಯಿ ಹೃದಯ, ಸಂತೋಷ ತಡೆಯೋಕಾಗ್ದೆ ಎದ್ದೇ ನಿಂತ್ಬಿಟ್ರು ನಮ್ಮ ಸುಗುಣಮ್ಮನವ್ರು, ಸ್ತೋತ್ರ, ಅಂತ ಅಯ್ಯನವರ ದನಿ ಮೈಕಿನಲ್ಲಿ ತುಂಬಿ ಬಂತು, ಸ್ತೋತ್ರ ಅಂತ ಇಡೀ ಸಭೆ ಕೂಗಿತು, ಚಪ್ಪಾಳೆ, ಎಂಥ ಚಪ್ಪಾಳೆ, ಗುಲಾಬಿ ಹಿಡಿದ ಹೊಸಬರೂ ತಟ್ಟುತ್ತಿದ್ದಾರೆ, ಅಮ್ಮನವರು ಕಣ್ಣೊರೆಸಿಕೊಳ್ಳುತ್ತಿದ್ದಾರೆ, ಕೀಬೋರ್ಡಿನವನು ಮದುವೆಯ ಹಾಡು ಶುರುಮಾಡಿದ. ಅಲ್ಲ, ಅಲ್ಲ ಅಯ್ಯನವರೇ, ನಾನು ಎದ್ದದ್ದು ಅದಕ್ಕಲ್ಲ—ಅಂದದ್ದು ಒಳಗೇ, ಹೊರಗೆ ಬರೀ ಬಿಕ್ಕು, ಬಿಕ್ಕಿದಷ್ಟೂ ಚಪ್ಪಾಳೆ ಜೋರಾಯಿತು. ಇನ್ನೂ ಕೂಗಬಹುದು, ಯಾರೂ ಬಾಯಿ ಮುಚ್ಚಿಲ್ಲ. ಗಂಡಸರ ಸಾಲಿನ ಕೊನೆಯಲ್ಲಿ ಜಯಶೀಲ ಮಾತ್ರ ಚಪ್ಪಾಳೆ ತಟ್ಟುತ್ತಿರಲಿಲ್ಲ, ಅವನೊಬ್ಬನಿಗೇ ಅರ್ಥವಾಗಿದೆ, ನೆಟ್ಟಗೆ ಇವಳನ್ನೇ ನೋಡುತ್ತಿದ್ದಾನೆ, ನಿಧಾನವಾಗಿ ಎರಡೂ ಕೈ ಎತ್ತಿ ಜೋಡಿಸಿ ಅಮ್ಮನಿಗೆ ನಮಸ್ಕಾರ ಮಾಡಿದ, ಅದನ್ನು ನೋಡಿ ಸಭೆ ಇನ್ನೂ ಕರಗಿಹೋಯಿತು. ಸುಗುಣಮ್ಮ ತೆರೆದ ಬಾಯಿಗೆ ಸೆರಗು ಒತ್ತಿಕೊಂಡಳು.

ಅಳ್ಬೇಡಿ ಅಮ್ಮ, ನಾನಿದೀನಲ್ಲ, ಅಂತ ರಮ್ಯಶ್ರೀಯೂ ಎದ್ದು ಪಕ್ಕದಲ್ಲಿ ನಿಂತಳು, ಬ್ಯಾಂಡೇಜಿನ ಕೈಯನ್ನು ನೋಯದ ಹಾಗೆ ತನ್ನ ಕೈಗೆ ತೆಗೆದುಕೊಂಡಳು, ಇನ್ಮೇಲೆ ನೀವು ಒಂದು ಬಿಂದಿಗೆ ನೀರೂ ಎತ್ಬಾರ್ದು, ಎಲ್ಲಾ ನಾನೇ ನೋಡ್ಕೋತೀನಿ, ಅಂದಳು, ನಗುತ್ತಾ, ಅಳುತ್ತಾ, ಮೂಗು ಕೆಂಪಾಗಿ, ಎಷ್ಟು ಬೆಚ್ಚಗಿದೆ ಈ ಕೈ, ಓಡಿಹೋಗು ಮಗಳೇ, ಎಲ್ಲಿಗೆ ಓಡುತ್ತಾಳೆ, ಕುಂದಾಣದಲ್ಲಿ ಯಾರಿದ್ದಾರೆ, ಇದು ನಿಮ್ಮದೇ ಮನೆ ಅಂದವರು ಇವರೊಬ್ಬರೇ. ಹಾಡು ಏರುತ್ತಿದೆ, ಕೂರಬೇಕು, ಎಲ್ಲರೂ ನಿಂತಿದ್ದಾರೆ, ಎಲ್ಲರೂ ಎದ್ದು ನಿಂತುಬಿಟ್ಟಿದ್ದಾರೆ ಸಂತೋಷಕ್ಕೆ, ಹುಡುಗಿಯ ಕೈ ಕೆಳಗಿಳಿಯಿತು, ಗಡಿಯಾರ ಜಾರಿ ಮಣಿಕಟ್ಟಿನ ಮೂಳೆಗೆ ಬಂತು. ಸುಗುಣಮ್ಮ ನೆಟ್ಟಗಿದ್ದ ಕೈಯಿಂದ ಅದನ್ನು ಮೇಲಕ್ಕೆ ತಳ್ಳಿದಳು. ಜಾರಿತು. ತಳ್ಳಿದಳು. ಇನ್ನೊಂದು ತೂತು ಮಾಡಬೇಕು, ಮನೆಗೆ ಹೋದ ಮೇಲೆ, ಮೊಳೆ ಕಾಯಿಸಿ—ಸಣ್ಣ ಮಣಿಕಟ್ಟು, ಒಂದೇ ಹಿಡಿತಕ್ಕೆ ಸಿಗುವಂಥ ಮಣಿಕಟ್ಟು, ಗಡಿಯಾರ ಜಾರಿತು, ಮೂಳೆಗೆ ತಗುಲಿ ನಿಂತಿತು.