ಮುಂದಿನ ವರ್ಷದ ಮನುಷ್ಯ

ನನ್ನ ಭಾವನವರು ನಡೆಯುತ್ತಿರುವ ವರ್ಷದಲ್ಲಿ ವಾಸವಾಗಿದ್ದದ್ದನ್ನು ನಾನು ಕಂಡದ್ದೇ ಕಡಮೆ. ಯಾರಾದರೂ ಕ್ಷೇಮಸಮಾಚಾರ ವಿಚಾರಿಸಿದರೆ ಇಂದಿನ ಸ್ಥಿತಿಯನ್ನು ಹೇಳುವ ಗೋಜಿಗೇ ಹೋಗದೆ, ಎಡಗೈಯನ್ನು ಗಾಳಿಯಲ್ಲಿ ತುಸು ಮುಂದಕ್ಕೆ ಸರಿಸಿ, "ಮುಂದಿನ ವರ್ಷ ನೋಡು" ಎಂದುಬಿಡುತ್ತಿದ್ದರು. ಮಹಡಿಯ ಮೆಟ್ಟಿಲಿನ ಸಡಿಲವಾದ ಕಂಬಿ, ಅಕ್ಕನ ಸೊಂಟನೋವಿಗೆ ಕಾಣಬೇಕಾಗಿದ್ದ ವೈದ್ಯರು, ಅಡುಗೆಮನೆಯ ಸೋರುವ ನಲ್ಲಿ, ಇವೆಲ್ಲವೂ ಆ ಒಂದು ಕೈಯಾಡಿಕೆಯಲ್ಲಿ ಮುಂದಿನ ವರ್ಷಕ್ಕೆ ಸಾಗಹಾಕಲ್ಪಟ್ಟು ಅಲ್ಲಿ ಸಾಲಾಗಿ ಕಾಯುತ್ತಿದ್ದವು. "ಊರಿಗೆಲ್ಲ ನೀರಿನ ದಾರಿ ಬರೆದುಕೊಟ್ಟವರು. ನಮ್ಮನೆ ನಲ್ಲಿ ಮಾತ್ರ ಇವರ ಮಾತು ಕೇಳಲ್ಲ ಕಣೋ" ಎಂದು ನನ್ನ ಅಕ್ಕ ಅವರೆದುರಿಗೇ ಹಂಗಿಸುತ್ತಿದ್ದಳು. ಭಾವನವರು ನಗುತ್ತಿದ್ದರು, ನಲ್ಲಿ ಸೋರುತ್ತಿತ್ತು.

ನೀರು ಸರಬರಾಜಿನ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಅವರದು. ನೆಲದಡಿಯ ಕೊಳವೆಗಳನ್ನು ಜೀವಮಾನವೆಲ್ಲ ಗೆರೆಗಳಾಗಿ ಎಳೆದೆಳೆದು, ಅವರ ನಡಿಗೆಯೂ ಒಂದು ಬಗೆಯ ರೇಖಾಗಣಿತವಾಗಿಬಿಟ್ಟಿತ್ತು: ಓಣಿಯ ತಿರುವಿನಲ್ಲಿ ಉಳಿದವರು ಬಾಗಿ ಹಾಯುವ ಕಡೆ ಅವರು ನಿಂತು, ಲಂಬಕೋನದಲ್ಲಿ ಹೊರಳಿ, ಮತ್ತೆ ಹೊರಡುತ್ತಿದ್ದರು. ಎಲ್ಲ ಋತುಗಳಲ್ಲಿಯೂ ಬೂದುಬಣ್ಣದ ಅದೇ ಕೋಟು. ಅದರ ಒಳಜೇಬಿಗೆ ಅಕ್ಕ ಮೆತ್ತನೆಯ ಬಟ್ಟೆಯ ಒಳಪದರ ಹೊಲಿದುಕೊಟ್ಟಿದ್ದಳು. ಭಾವನವರು ತಮ್ಮ ಸಂಗ್ರಹಕ್ಕೆಂದು ಕೊಂಡುತಂದ ಹಳೆಯ ನಾಣ್ಯಗಳು ಒಂದಕ್ಕೊಂದು ತಗುಲಿ ಗೀರಾಗಬಾರದೆಂಬ ಕಾಳಜಿ. ಆ ಜೇಬಿನ ಭಾರಕ್ಕೆ ಕೋಟು ಎಡಕ್ಕೆ ಜೋತು, ಅದನ್ನು ಸರಿದೂಗಿಸಲೆಂಬಂತೆ ಭಾವನವರ ಬಲಭುಜ ತಗ್ಗಿಹೋಗಿತ್ತು.

ಪ್ರತಿ ವರ್ಷದ ಕೊನೆಯ ಭಾನುವಾರ, ಊಟ ಮುಗಿದು ಮೇಜು ಒರೆಸಿದ ಬಳಿಕ, ಆ ಮನೆಯಲ್ಲೊಂದು ಸಂಕಲ್ಪವಿಧಿ ನಡೆಯುತ್ತಿತ್ತು. ಶ್ರೋತೃಗಳು ಅಕ್ಕ ಮತ್ತು ನಾನು, ಇಬ್ಬರೇ. ಬರುವ ವರ್ಷ ತಮ್ಮ ಸಂಗ್ರಹಕ್ಕೆ ಪಡೆಯತಕ್ಕದ್ದು ಯಾವುದು, ಬಿಡತಕ್ಕದ್ದು ಯಾವುದು ಎಂಬುದನ್ನು ಭಾವನವರು ಬಾಯಿಬಿಟ್ಟು ಹೇಳಬೇಕು. ಬರೆದಿಡುವ ಪದ್ಧತಿಯಿರಲಿಲ್ಲ, ಬರೆದರೆ ಕಾಗದಕ್ಕೆ ನೆನಪಿರುತ್ತದೆಯೇ ಹೊರತು ತಮಗಲ್ಲವೆಂಬುದು ಅವರ ವಾದ. ಬಿಡುವ ಮಾತನ್ನು ಅವರು ಹಗುರವಾಗಿ ಆಡುತ್ತಿರಲಿಲ್ಲ. ಒಂದು ವರ್ಷ ಬೆಳ್ಳಿಯನ್ನು ಬಿಟ್ಟರು. ಬೆಳ್ಳಿ ಕಂಡರೆ ಕಣ್ಣಿಗಿಂತ ಮುಂಚೆ ತಕ್ಕಡಿ ನೆನಪಾಗುತ್ತದೆಂದು ಅವರಿಗೆ ಬೇಸರ. ಇನ್ನೊಂದು ವರ್ಷ, ನಾಣ್ಯಗಳ ಮೇಲೆ ಪುಡಿ ಉದುರುತ್ತದೆಂಬ ಕಾರಣಕ್ಕೆ, ನಶ್ಯವನ್ನೇ ಬಿಟ್ಟರು. ಅಕ್ಕ ಇಪ್ಪತ್ತು ವರ್ಷ ಬೇಡಿಕೊಂಡರೂ ಬಿಡದಿದ್ದ ನಶ್ಯವದು. "ನಾನೂ ಒಂದು ತಾಮ್ರದ ಕಾಸಾಗಿ ಹುಟ್ಟಬೇಕಿತ್ತು" ಎಂದು ಅಕ್ಕ ಅಂದು ಅಂದದ್ದು ಅರೆಪಾಲು ಮಾತ್ರ ಹಾಸ್ಯ.

ಪಡೆಯುವ ಗುರಿ ಮಾತ್ರ ಬಹುಕಾಲದಿಂದ ಒಂದೇ ಆಗಿತ್ತು. ತೆನೆಯ ಗುರುತಿನ ತಾಮ್ರದ ಪುಟ್ಟ ಕಾಸು. ಚಲಾವಣೆ ನಿಂತು ಒಂದು ತಲೆಮಾರು ಕಳೆದಿದೆ. ಅದು ಅಚ್ಚಾದ ಪ್ರತಿಯೊಂದು ವರ್ಷಕ್ಕೂ ಮರದ ತಟ್ಟೆಯಲ್ಲಿ ಮಖಮಲ್ಲು ಹೊದಿಸಿದ ಒಂದೊಂದು ಗುಳಿ. ಎಲ್ಲವೂ ತುಂಬಿದ್ದವು, ಮೂರರಲ್ಲಿ ಕೊನೆಗೊಳ್ಳುವ ಒಂದು ಇಸವಿಯ ಹೊರತು. ಆ ವರ್ಷ ಟಂಕಸಾಲೆ ಅಚ್ಚುಹಾಕಿದ್ದೇ ಅತ್ಯಲ್ಪವಂತೆ. ಹಳೆಯ ನಾಣ್ಯದ ಅಂಗಡಿಗಳಲ್ಲಿ, ಸಂತೆಯ ಚೀಲಗಳಲ್ಲಿ, ಸತ್ತವರ ಮನೆಯ ಡಬ್ಬಿಗಳಲ್ಲಿ ಭಾವನವರು ಅದನ್ನು ಅರಸುತ್ತಲೇ ಬಂದರು. ಹುಡುಕಾಟದ ದಣಿವು ಅವರ ಮುಖದ ಮೇಲೆ ಮೆಲ್ಲಮೆಲ್ಲನೆ ಅಚ್ಚಾಗುತ್ತ ಬಂದಿತು.

ಅವರು ಮೃದುಸ್ವಭಾವದವರೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ನಾಣ್ಯಪ್ರಿಯರ ಸಂಘದ ಪ್ರದರ್ಶನವೊಂದರಲ್ಲಿ ವೃದ್ಧ ದರ್ಜಿಯೊಬ್ಬ ತನ್ನ ನಾಣ್ಯದ ಇಸವಿಯನ್ನು ತಪ್ಪಾಗಿ ಗುರುತಿಸಿ ಇಟ್ಟಿದ್ದ. ಭಾವನವರು ಅದನ್ನೆತ್ತಿ, ನಾಲ್ಕು ಜನರಿಗೆ ಕೇಳುವಂತೆ, "ಇದು ಸೊನ್ನೆ ಅಲ್ಲ ಸ್ವಾಮಿ, ಆರು. ಕಣ್ಣು ಎಲ್ಲಿಟ್ಟಿದ್ರಿ?" ಎಂದರು. ದರ್ಜಿ ತನ್ನ ನಾಣ್ಯಗಳನ್ನು ಕರವಸ್ತ್ರದಲ್ಲಿ ಗಂಟುಕಟ್ಟಿಕೊಂಡು ಹೊರಟವನು ಸಂಘಕ್ಕೆ ಮರಳಲಿಲ್ಲ. ಅಕ್ಕ ಆಕ್ಷೇಪಿಸಿದ್ದಕ್ಕೆ ಭಾವನವರ ಉತ್ತರ: "ತಪ್ಪು ತಪ್ಪೇ ತಾನೆ?"

ಇಂಥವರ ಕಣ್ಣು ಕಳೆದ ವರ್ಷ ಮಂಕಾಗತೊಡಗಿತು. ನೋಟದ ಅಂಚುಗಳು ಸ್ವಚ್ಛವಾಗಿವೆ, ನಡುಭಾಗ ಮಾತ್ರ ಸವೆಯುತ್ತಿದೆ, ಇದಕ್ಕೆ ಶಸ್ತ್ರಚಿಕಿತ್ಸೆಯಿಲ್ಲವೆಂದು ವೈದ್ಯರು ಹೇಳಿದರು. ಅಂದಿನಿಂದ ಭಾವನವರು ಎದುರಿಗಿದ್ದವರನ್ನು ಕಾಣಲು ಮುಖವನ್ನು ಪಕ್ಕಕ್ಕೆ ತಿರುಗಿಸಬೇಕಾಯಿತು. ವಿಷಯ ತಿಳಿಯದವರು ಅದನ್ನು ಗರ್ವವೆಂದುಕೊಂಡರು; ಭಾವನವರಿಗೆ ಗರ್ವವೆನಿಸಿಕೊಳ್ಳುವುದೇ ವಾಸಿಯೆನಿಸಿರಬೇಕು, ಮನೆಯ ಹೊರಗೆ ಯಾರಿಗೂ ಹೇಳಲಿಲ್ಲ.

ಆ ವರ್ಷದ ಕೊನೆಯ ಭಾನುವಾರ ನಾನು ಹೋದಾಗ ಅಕ್ಕ ಮೆಟ್ಟಿಲಿನ ಅರ್ಧದಲ್ಲಿಯೇ ನನ್ನನ್ನು ತಡೆದಳು. ಸೆರಗಿನಲ್ಲಿ ಕೈಯೊರೆಸಿಕೊಳ್ಳುತ್ತ, ತಗ್ಗಿದ ದನಿಯಲ್ಲಿ, "ಮೂರರ ಕಾಸು ಸಿಕ್ತು ಅಂತ ಇವರು ಹೇಳಿದ್ರಲ್ಲ, ಅದು ಮೂರಲ್ಲ ಕಣೋ. ಎಂಟು" ಎಂದಳು.

ನಾನು ಬೆರಗಾದೆ. ಎರಡು ತಿಂಗಳ ಹಿಂದೆ ಭಾವನವರು ಆ ಸುದ್ದಿ ಹೇಳಿದಾಗಿನ ಉಲ್ಲಾಸ ನನ್ನ ಕಣ್ಣಿಗೆ ಕಟ್ಟಿದಂತಿತ್ತು. ಸಾಧಾರಣ ಕಾಸುಗಳ ರಾಶಿಯಲ್ಲಿ ಅದನ್ನು ಕಂಡು, ಅಂಗಡಿಯವನಿಗೆ ಸುಳಿವು ಹತ್ತಬಾರದೆಂದು ಬೇಡದ ನಾಲ್ಕನ್ನು ಅದರ ಜೊತೆ ಸೇರಿಸಿ, ಆಕಳಿಸುತ್ತ ಆಕಳಿಸುತ್ತ ಕೊಂಡುತಂದರಂತೆ. ಸಂಗ್ರಾಹಕನ ಪಾಲಿಗೆ ಇದಕ್ಕಿಂತ ಮಧುರವಾದ ಕಳ್ಳತನವಿಲ್ಲ.

"ನಿನಗೆ ಯಾವಾಗ ಗೊತ್ತಾಯ್ತು?"

"ತಂದ ದಿನಾನೇ. ನೋಡೇ, ಮೂರು ಅಂತ ತೋರಿಸಿದ್ರು. ಹೌದು, ಮೂರು ಅಂದೆ. ಅವತ್ತು ಊಟ ಮಾಡಿ ಮಲಗಿದೋರು ಸಂಜೆವರೆಗೂ ಏಳಲಿಲ್ಲ. ಅಷ್ಟು ನೆಮ್ಮದಿ ನಿದ್ದೆ ಯಾವತ್ತೂ ನೋಡಿರ್ಲಿಲ್ಲ. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ಈಗ ಬರೋ ತಿಂಗಳು ಪ್ರದರ್ಶನಕ್ಕೆ ಇಡ್ತಾರಂತೆ. ಅಲ್ಲಿ ಒಬ್ಬೊಬ್ಬನ ಕೈಲೂ ಭೂತಗನ್ನಡಿ. ನೀನೇ ಹೇಳೋ. ನನ್ನ ಕೈಲಾಗಲ್ಲ."

ಮೇಜಿನ ಮೇಲೆ ತಟ್ಟೆ ಆಗಲೇ ಸಿದ್ಧವಾಗಿತ್ತು. ಭಾವನವರು ಕೋಟು ತೊಟ್ಟೇ ಕುಳಿತಿದ್ದರು. ಆದರೆ ಮಾತು ತೆಗೆದಾಗ ಅವರ ದನಿಯಲ್ಲಿ ವರ್ಷವರ್ಷದ ಪೀಠಿಕೆಯ ಬಿಗುವಿರಲಿಲ್ಲ.

"ಪಡೆಯೋದು ಅಂತ ಈ ಸಲ ಏನೂ ಇಲ್ಲ ಕಣಯ್ಯ. ಸರಣಿ ತುಂಬಿತು. ಪ್ರದರ್ಶನಕ್ಕೆ ಇಟ್ಟು ಎಲ್ಲರಿಗೂ ಒಂದ್ಸಲ ತೋರಿಸಿಬಿಡ್ತೀನಿ. ಬಿಡೋದು ಅಂದ್ರೆ... ಹುಡುಕೋದನ್ನೇ ಬಿಡೋಣ ಅಂತ. ಸಾಕಾಗಿದೆ."

ಅಕ್ಕ ನನ್ನನ್ನು ನೋಡಿದಳು. ಮೆಟ್ಟಿಲೇರುವಾಗ ನಾನು ಹೆಣೆದಿಟ್ಟುಕೊಂಡಿದ್ದ ಸುತ್ತುಬಳಸಿನ ಮಾತುಗಳೆಲ್ಲ ಆ "ಸಾಕಾಗಿದೆ"ಯ ಮುಂದೆ ನಿಲ್ಲಲಾರದೆ ಹೋದವು.

"ಭಾವ, ಅದು ಮೂರಲ್ಲ. ಎಂಟು."

ಅವರು ರೇಗಲಿಲ್ಲ. ಕಾಸನ್ನು ಗುಳಿಯಿಂದೆತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಮುಖವನ್ನು ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಬಹಳ ಹೊತ್ತು ನೋಡಿದರು. ಕೊನೆಗೆ ನೋಡುವುದನ್ನು ನಿಲ್ಲಿಸಿ ಕೇಳಿದರು:

"ಎಡಗಡೆ ಮುಚ್ಚಿದೆಯಾ?"

"ಮುಚ್ಚಿದೆ."

"ಮೇಲೂ ಕೆಳಗೂ?"

"ಎರಡೂ."

ಅವರು ಅಕ್ಕನ ಕಡೆ ಹೊರಳಿದರು. "ನೀನು ಅವತ್ತು ಮೂರು ಅಂದೆ."

"ಅಂದೆ."

"ನಿನಗೂ ಕಾಣ್ಲಿಲ್ವಾ?"

"ಚೆನ್ನಾಗೇ ಕಾಣ್ತು. ಇಷ್ಟು ವರ್ಷದಲ್ಲಿ ಒಂದು ದಿನ ಇನ್ನೇನೂ ಬೇಡ ಅನ್ನೋ ಹಾಗೆ ಕೂತಿದ್ರಿ ರೀ. ನನಗೂ ಸಾಕಾಗಿತ್ತು."

ಭಾವನವರ ಹೊಟ್ಟೆಯೊಳಗಿನಿಂದ ನಗೆಯಂಥದ್ದೊಂದು ಸದ್ದು ಎದ್ದಿತು. "ಅಂಗಡಿಯವನಿಗೆ ಟೋಪಿ ಹಾಕ್ದೆ ಅಂದ್ಕೊಂಡಿದ್ದೆ. ಎಂಟು! ಆ ಎಂಟರ ಕಾಸು ನನ್ನ ಹತ್ರ ಆಗಲೇ ನಾಲ್ಕಿದೆ." ನಗೆ ಅಲ್ಲಿಗೇ ನಿಂತಿತು. "ಆ ದರ್ಜಿ ಈಗ ಇಲ್ಲಿರಬೇಕಾಗಿತ್ತು."

"ಪ್ರದರ್ಶನಕ್ಕೆ ಬೇಡ ಬಿಡಿ ಭಾವ" ಎಂದೆ.

"ಇಡ್ತೀನಿ. ಆ ಗುಳಿ ಖಾಲಿ ಇರ್ಲಿ. ಕೇಳಿದೋರಿಗೆ ಸಿಕ್ಕಿಲ್ಲ ಅಂತ ಹೇಳ್ತೀನಿ. ಕಣ್ಣಿನ ವಿಷಯಾನೂ ಹೇಳ್ತೀನಿ." ಎಡಗೈ ಎಂದಿನಂತೆ ಗಾಳಿಯಲ್ಲಿ ಮುಂದಕ್ಕೆ ಸರಿಯಲು ಹೊರಟು, ಮೇಜಿನ ಮೇಲೆಯೇ ಉಳಿಯಿತು. "ಹಾಗಾದ್ರೆ ಗುರಿ ಬದಲಾಯಿಸಬೇಕು. ಬಿಡೋದು, ನಾನೇ ಓದ್ತೀನಿ ಅನ್ನೋ ಹಟ. ಇನ್ನು ಪಡೆಯೋದು..." ಅಕ್ಕನನ್ನು ನೋಡಲೆಂದು ಅವರು ಮುಖವನ್ನು ಗೋಡೆಯತ್ತ ತಿರುಗಿಸಿದರು. "ವಾರಕ್ಕೊಂದು ತಟ್ಟೆ ಓದಿ ಹೇಳ್ತೀಯೇನೇ? ಹೊಸದು ಏನೂ ಬೇಡ. ಇರೋವನ್ನೇ ಇನ್ನೊಂದ್ಸಲ ಕೇಳಿಸ್ಕೋಬೇಕು."

"ನನ್ನನ್ನ ಕೇಳ್ತಿದ್ದೀರೋ, ಗುರಿ ಇಡ್ತಿದ್ದೀರೋ?"

"ಕೇಳ್ತಿದ್ದೀನಿ."

"ಭಾನುವಾರ ಮಾತ್ರ. ಅದೂ ನನ್ನ ಸೊಂಟ ನೆಟ್ಟಗಿದ್ರೆ. ಬೇಕು ಅಂತ ತಪ್ಪು ಓದಿದ್ರೆ ರೇಗಬಾರ್ದು."

"ತಪ್ಪು ಓದಿದ್ರೆ ನನಗೆ ಗೊತ್ತಾಗುತ್ತೆ."

"ಈ ಸಲ ಗೊತ್ತಾಯ್ತಾ?"

ಅಕ್ಕ ಕುರ್ಚಿ ಎಳೆದುಕೊಂಡು ಭಾವನವರ ಪಕ್ಕ ಕುಳಿತು ತಟ್ಟೆಯನ್ನು ತನ್ನತ್ತ ಸರಿಸಿಕೊಂಡಳು.

ಸಂಗ್ರಾಹಕರೆಂಬ ಈ ವರ್ಗದವರನ್ನು ಲೋಭಿಗಳೆಂದು ಕರೆದು ಮುಂದೆ ನಡೆಯುವುದು ಸುಲಭ. ಆದರೆ ಭಗವಂತನೆದುರು ಕೈಜೋಡಿಸಿ ನಿಂತಾಗ ನಮ್ಮಂಥವರ ಬೇಡಿಕೆಗೆ ಮೇರೆಯೇ ಇರುವುದಿಲ್ಲ. ಇವರಾದರೋ ತಮ್ಮದನ್ನು ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ಗುಳಿಗೆ ಸರಿಯಾಗಿ ಕೊರೆದುಕೊಂಡು, ಅಷ್ಟು ದೊರೆತರೆ ಸಾಕೆಂದು ವರ್ಷಗಟ್ಟಲೆ ನಡೆಯುತ್ತಾರೆ. ಅಷ್ಟೂ ದೊರೆಯದೆ ಕಾಲು ಸೋತಾಗ, ಕಣ್ಣು ಸೋತಾಗ, ಇನ್ನೂ ಚಿಕ್ಕದಾದ, ಪಕ್ಕದಲ್ಲಿರುವವರು ಕೊಡಬಲ್ಲಂಥ ಒಂದನ್ನು ಕೇಳಲು ಕಲಿಯುತ್ತಾರೆ. ಬಯಕೆಯನ್ನು ಗೆದ್ದವರೆಂಬ ಕೀರ್ತಿ ಇಂಥವರಿಗೆ ಎಂದೂ ಸಲ್ಲುವುದಿಲ್ಲ. ಅವರು ವರ್ಷಕ್ಕೊಮ್ಮೆ ಆ ಬಯಕೆಯನ್ನು ಎದುರಿಗೆ ಕೂರಿಸಿಕೊಂಡು, ದಣಿದವರು ದಣಿದವರೊಡನೆ ಆಡುವಂತೆ, ಮೆಲ್ಲಗೆ ಮಾತಾಡುತ್ತಾರೆ, ಅಷ್ಟೆ.